ಹಾಡಿನ ಕಟ್ಟು ಮತ್ತು ಷಡ್ಜದ ಸ್ಥಾನ

ಪದ್ಯಕ್ಕೆ ಛಂದಸ್ಸು ಹೇಗೋ ಹಾಡಿಗೆ ಅದರ ಕಟ್ಟು ಹಾಗೆ. ಪಲ್ಲವಿಯು ಎಲ್ಲಿ ನಿಲ್ಲತಕ್ಕದ್ದು, ನುಡಿಯು ಎಷ್ಟು ಎತ್ತರಕ್ಕೆ ಏರತಕ್ಕದ್ದು, ಏರಿದ ದನಿಯು ಯಾವ ಮಾರ್ಗವಾಗಿ ಪಲ್ಲವಿಗೆ ಮರಳತಕ್ಕದ್ದು ಎಂಬ ಮೂರು ಸಂಗತಿಗಳಿಂದ ಹಾಡಿನ ಸೌಷ್ಠವವು ನಿರ್ಣಯವಾಗುವದು. ಚಲನಚಿತ್ರಗೀತೆಗಳಲ್ಲಿಯೂ, ವಾದ್ಯಮೇಳದ ಸಂಗಡ ಹಾಡುವ ಭಾವಗೀತೆಗಳಲ್ಲಿಯೂ ಇವುಗಳ ಜೊತೆಗೆ ನಾಲ್ಕನೆಯದೊಂದು ಉಪಾಯವು ಆಗಾಗ ಕೇಳಬರುತ್ತದೆ. ಕೊನೆಯ ಸಲ ಪಲ್ಲವಿಯನ್ನು ಹಾಡುವಾಗ ಷಡ್ಜವನ್ನೇ ಅರ್ಧ ಸ್ವರವೋ ಒಂದು ಸ್ವರವೋ ಮೇಲಕ್ಕೆ ಎತ್ತಿಡುವದು ಆ ಉಪಾಯ. ಸಭಿಕರು ಚಪ್ಪಾಳೆ ತಟ್ಟುವರು; ಆದರೆ ಆ ಚಪ್ಪಾಳೆಯು ಕವಿಯ ಮಾತಿಗೆ ಸಂದುದೋ, ಕೇವಲ ಎತ್ತರಕ್ಕೆ ಸಂದುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯು.

ಹುಬ್ಬಳ್ಳಿ-ಧಾರವಾಡದ ಸೀಮೆಗೆ ಹಾಡಿನ ಕಟ್ಟು ಹೊಸದಲ್ಲ. ಶಿಶುನಾಳದ ಶರೀಫ ಸಾಹೇಬರ (೧೮೧೯–೧೮೮೯) ತತ್ವಪದಗಳಲ್ಲಿ ಪಲ್ಲವಿಯು ಒಂದು ಒಗಟನ್ನು ಮುಂದಿಡುವದು. ನುಡಿಗಳು ಆ ಒಗಟನ್ನು ಒಂದೊಂದು ಮಗ್ಗುಲಿನಿಂದ ತೋರಿಸುವವು. ಅಂಕಿತವುಳ್ಳ ಕಡೆಯ ನುಡಿಯು ಅದನ್ನು ಬಿಡಿಸಿದಂತೆ ಮಾಡಿ ಇನ್ನಷ್ಟು ಆಳಕ್ಕೆ ಇಳಿಸುವದು. ಪ್ರತಿ ನುಡಿಯ ಬಳಿಕ ಮರಳಿ ಬರುವ ಪಲ್ಲವಿಯು ಶಬ್ದದಿಂದ ಅದೇ ಆಗಿದ್ದರೂ ಅರ್ಥದಿಂದ ಬೇರೆಯಾಗಿರುವದು. ಭಜನೆಯ ಮೇಳದವರು ಪದದ ಕೊನೆಗೆ ಆವೇಶವನ್ನು ತರಲು ಷಡ್ಜವನ್ನು ಕದಲಿಸುವದಿಲ್ಲ, ಲಯವನ್ನು ಏರಿಸುವರು. ತಾಳವು ದುಗುಣವಾಗುವದು, ಮೇಳವೆಲ್ಲ ಒಂದೇ ಕೊರಳಾಗುವದು, ಆದರೆ ಏಕತಾರಿಯ ತಂತಿಯು ಮೊದಲಿಗೆ ಎಲ್ಲಿ ಮಿಡಿದಿತ್ತೋ ಅಲ್ಲಿಯೇ ಮಿಡಿಯುತ್ತಿರುವದು.

ರಂಗಭೂಮಿಯು ಎರಡನೆಯ ಉಪಾಯವನ್ನು ಕಲಿಸಿತು. ಕುಂದಗೋಳದ ಸವಾಯಿ ಗಂಧರ್ವರಂತಹರು (೧೮೮೬–೧೯೫೨) ಖ್ಯಾಲ ಗಾಯನವನ್ನೂ ನಾಟ್ಯಗೀತವನ್ನೂ ಒಂದೇ ಕಂಠದಲ್ಲಿ ಧರಿಸಿದ್ದ ಕಾಲದಲ್ಲಿ, ಅಂತರೆಯು ತಾರಷಡ್ಜಕ್ಕೆ ಏರಿ, ಅಲ್ಲಿ ತುಸು ನಿಂತು, ಮುಖಡೆಗೆ ಇಳಿದು ಬರುವ ಕಟ್ಟು ಜನರ ಕಿವಿಗೆ ಪಾಠವಾಯಿತು. ನುಡಿಯಿಂದ ನುಡಿಗೆ ರಾಗವನ್ನೇ ಬದಲಿಸುವ ರಾಗಮಾಲಿಕೆಯು ಮೂರನೆಯ ಉಪಾಯವು. ಲಯ, ಸ್ಥಾಯಿ, ರಾಗ ಈ ಮೂರರಲ್ಲಿ ಯಾವುದು ಬದಲಾದರೂ ಷಡ್ಜವು ಮಾತ್ರ ಮನೆಯ ಹೊಸ್ತಿಲಿನಂತೆ ಸ್ಥಿರವಾಗಿರುವದು.

ಹೊಸ್ತಿಲನ್ನು ಕಿತ್ತು ಬೇರೆಡೆಗೆ ಇಡುವ ಸೌಕರ್ಯವನ್ನು ಒದಗಿಸಿದ್ದು ಪೇಟಿ. ತಂಬೂರಿಯ ಶ್ರುತಿಯನ್ನು ಬದಲಿಸಬೇಕಾದರೆ ಹಾಡು ನಿಲ್ಲಬೇಕು, ತಂತಿಗಳನ್ನು ತಿರುವಿ ಹೊಂದಿಸಬೇಕು. ಪೇಟಿಯಲ್ಲಿಯಾದರೋ ಒಂದು ಸಪ್ತಕದ ಹನ್ನೆರಡು ಮನೆಗಳನ್ನು ಸಮಾನ ಅಂತರದಲ್ಲಿ ಕೂಡಿಸಿರುವದರಿಂದ ಕರಿ ಒಂದರಲ್ಲಿದ್ದ ಹಾಡು ಕರಿ ಎರಡಕ್ಕೆ ಹೋಗಲು ಬೆರಳು ಸರಿದರೆ ಸಾಕು. ೧೯೪೦ರಲ್ಲಿ ಆಕಾಶವಾಣಿಯು ಪೇಟಿಗೆ ಬಹಿಷ್ಕಾರ ಹಾಕಿತು. ಆಗ ಅದರ ಮೇಲೆ ಹೊರಿಸಿದ ದೋಷಗಳು ಸ್ವರಗಳ ಸಮಾನ ವಿಭಾಗ ಮತ್ತು ಮೀಂಡನ್ನು ತೋರಿಸಲಾರದ ಅಸಾಮರ್ಥ್ಯ ಎಂಬವು. ೧೯೫೦ರ ಜನವರಿ ೮ರಂದು ಧಾರವಾಡ ಕೇಂದ್ರವು ಆರಂಭವಾದಾಗಲೂ ಆ ನಿಷೇಧವು ಜಾರಿಯಲ್ಲಿಯೇ ಇತ್ತು. ಅದು ಸಡಿಲಾದದ್ದು ೧೯೭೦ರ ದಶಕದ ಆದಿಯಲ್ಲಿ. ಷಡ್ಜವನ್ನು ಸುಲಭವಾಗಿ ಸರಿಸಬಲ್ಲ ಅದರ ಗುಣವನ್ನು ಕುರಿತು ಚರ್ಚೆ ನಡೆದದ್ದು ಕಡಿಮೆ. ವಿದ್ಯುತ್ ಕೀಬೋರ್ಡಿನಲ್ಲಿ ಈಗ ಬೆರಳನ್ನು ಸರಿಸುವ ಶ್ರಮವೂ ಬೇಡ. ಒಂದು ಗುಂಡಿಯನ್ನು ಒತ್ತಿದರೆ ವಾದ್ಯದ ಶ್ರುತಿಯೇ ಮೇಲೇಳುವದು. ಸುಲಭವಾದ ಉಪಾಯವು ಅಗತ್ಯವಾದ ಉಪಾಯದಂತೆ ಕಾಣುವದು ಎಲ್ಲ ಕಲೆಗಳಿಗೂ ಇರುವ ಅಪಾಯವು.

ಪಾಶ್ಚಾತ್ಯ ಜನಪ್ರಿಯ ಗೀತದಲ್ಲಿ ಈ ಪದ್ಧತಿಗೆ ಕಾರಣವಿದೆ. ಅಲ್ಲಿ ನಿರಂತರವಾಗಿ ಮಿಡಿಯುವ ಆಧಾರಶ್ರುತಿಯಿಲ್ಲ. ಸ್ವರಮೇಳಗಳ ಕ್ರಮದಿಂದಲೇ ಕಿವಿಯು ಹಾಡಿನ ಮನೆಯನ್ನು ಗುರುತಿಸುವದು. ಆದುದರಿಂದ ಮನೆಯನ್ನು ಬದಲಿಸುವದೂ ಅಲ್ಲಿ ರಚನೆಯ ಒಂದು ಅಂಗವೇ. ೧೯೮೮ರಲ್ಲಿ ಪ್ರಸಿದ್ಧಿಗೆ ಬಂದ ಮೈಕೇಲ್ ಜಾಕ್ಸನ್ನನ ‘ಮ್ಯಾನ್ ಇನ್ ದ ಮಿರರ್’ ಎಂಬ ಹಾಡಿನಲ್ಲಿ ಬದಲಾವಣೆ ಎಂಬರ್ಥದ ಶಬ್ದದ ಮೇಲೆಯೇ ಷಡ್ಜವು ಅರ್ಧ ಸ್ವರ ಏರುವದು. ಅಲ್ಲಿ ಶ್ರುತಿಯು ಮಾತಿನ ಅರ್ಥವನ್ನು ಆಚರಿಸಿ ತೋರಿಸುತ್ತದೆ. ಅದೇ ದೇಶದ ಎಷ್ಟೋ ಹಾಡುಗಳಲ್ಲಿಯಾದರೋ ಹೇಳುವ ಮಾತು ಮುಗಿದ ಮೇಲೆ ಅದೇ ಪಲ್ಲವಿಯನ್ನು ಮತ್ತೆ ಮೆರೆಸಲು ಮಾತ್ರ ಶ್ರುತಿಯನ್ನು ಏರಿಸಿರುವರು. ಅಂಥ ಏರಿಕೆಯನ್ನು ಬಂಡಿಯ ಗೇರು ಬದಲಿಸುವದಕ್ಕೆ ಹೋಲಿಸಿ ಅಲ್ಲಿಯವರೇ ಹಾಸ್ಯ ಮಾಡುವದುಂಟು.

ಈ ನೆಲದ ಸಂಗೀತದಲ್ಲಿಯೂ ಷಡ್ಜಚಲನವು ಸರ್ವಥಾ ಇಲ್ಲವೆಂದಲ್ಲ. ಭೂಪಾಲಿಯ ಐದು ಸ್ವರಗಳನ್ನೇ ಇಟ್ಟುಕೊಂಡು ಗಾಂಧಾರವನ್ನು ಷಡ್ಜವೆಂದು ಭಾವಿಸಿದರೆ ಮಾಲಕಂಸದ ಸ್ವರಗಳೂ, ಪಂಚಮವನ್ನು ಷಡ್ಜವೆಂದು ಭಾವಿಸಿದರೆ ದುರ್ಗಾ ರಾಗದ ಸ್ವರಗಳೂ ದೊರೆಯುವವು. ಇದು ಮೂರ್ಛನೆಯ ತತ್ವವು. ಇಲ್ಲಿ ಸ್ವರಗಳು ಕದಲದೆ ಮನೆ ಮಾತ್ರ ಕದಲುವದರಿಂದ ಪ್ರತಿ ಸ್ವರದ ಸಂಬಂಧವೂ ಹೊಸದಾಗುವದು, ಬೇರೊಂದು ಭಾವವು ಹುಟ್ಟುವದು. ಕೊನೆಯ ಪಲ್ಲವಿಯನ್ನು ಇಡಿಯಾಗಿ ಮೇಲೆತ್ತುವಲ್ಲಿ ಎಲ್ಲ ಸ್ವರಗಳೂ ಒಟ್ಟಿಗೆ ಏರುವದರಿಂದ ಅವುಗಳ ಪರಸ್ಪರ ಸಂಬಂಧದಲ್ಲಿ ಯಾವ ವ್ಯತ್ಯಾಸವೂ ಆಗುವದಿಲ್ಲ. ಹಳೆಯ ಷಡ್ಜದ ನೆನಪು ಕಿವಿಯಲ್ಲಿ ಇರುವವರೆಗೆ ಮಾತ್ರ ಅದರ ಪರಿಣಾಮವಿರುವದು. ಕೆಲವು ಆವರ್ತನಗಳಲ್ಲಿ ಆ ನೆನಪು ಅಳಿದರೆ ಕೇಳುಗನಿಗೆ ಉಳಿಯುವದು ಮೊದಲಿನ ಹಾಡೇ. ಕ್ಷಣಿಕವಾದ ಪರಿಣಾಮವನ್ನು ಕವಿತೆಯ ಯಾವ ಕ್ಷಣಕ್ಕೆ ಮೀಸಲಿಡಬೇಕೆಂಬುದೇ ಸ್ವರಸಂಯೋಜಕನ ವಿವೇಕವು.

ಧಾರವಾಡದ ಕವಿ ಬೇಂದ್ರೆಯವರ ‘ಬೆಳಗು’ ಇದಕ್ಕೆ ಒಳ್ಳೆಯ ಒರೆಗಲ್ಲು. ೧೯೬೭ರ ‘ಬೆಳ್ಳಿಮೋಡ’ ಚಿತ್ರದಲ್ಲಿ ವಿಜಯಭಾಸ್ಕರರ ಸಂಗೀತದಲ್ಲಿ ಎಸ್. ಜಾನಕಿಯವರು ಹಾಡಿದ ಮೇಲೆ ಈ ಕವಿತೆಯು ಮನೆಮನೆಗೆ ಮುಟ್ಟಿತು. ಮೂಡಣದ ಬಣ್ಣದಿಂದ ಆರಂಭವಾಗಿ ಹೂವು, ಗಾಳಿ, ಹಕ್ಕಿಗಳ ಮೇಲೆ ಹಾಯ್ದು, ಇಂದ್ರಿಯಗಳನ್ನು ಒಂದೊಂದಾಗಿ ಎಚ್ಚರಿಸುತ್ತ, ಕಡೆಗೆ ಕಣ್ಣಿಗೆ ಕಾಣುವ ಬೆಳಗನ್ನು ದಾಟಿ ಶಾಂತಿಯ ಅನುಭವಕ್ಕೆ ಕವಿತೆಯು ತಲುಪುವದು. ಷಡ್ಜವನ್ನು ಎತ್ತಲೇಬೇಕೆನ್ನುವ ಸಂಯೋಜಕನಿಗೆ ಆ ದಾಟುವಿಕೆಯ ಜಾಗವೊಂದೇ ಯೋಗ್ಯವು. ಅಲ್ಲಿಯೂ ದನಿಯು ಏರುವದಕ್ಕಿಂತ ಶಮನವಾಗುವದು ಹೆಚ್ಚು ಉಚಿತವಾದೀತು. ‘ಗಂಗಾವತರಣ’ದ ಮಾತೇ ಬೇರೆ. ಗಂಗೆಯನ್ನು ಇಳಿದು ಬಾ ಎಂದು ಕರೆಯುವ ಆ ಪದ್ಯದಲ್ಲಿ ನದಿಯು ಇಳಿಯತಕ್ಕದ್ದು, ಕೂಗುವವನ ಆರ್ತತೆಯು ಏರತಕ್ಕದ್ದು. ಸಂಯೋಜಕನು ಯಾವುದನ್ನು ಹಿಡಿದು ನಡೆದರೂ ಸಲ್ಲುವದು, ಆದರೆ ಯಾವುದನ್ನು ಹಿಡಿದನೆಂಬುದು ಅವನಿಗೆ ಗೊತ್ತಿರಬೇಕು.

ಎತ್ತರವೇ ಭಾವವೆಂಬ ಭ್ರಮೆಗೆ ಹುಬ್ಬಳ್ಳಿಯೇ ಉತ್ತರ ಕೊಟ್ಟಿದೆ. ಗಂಗೂಬಾಯಿ ಹಾನಗಲ್ಲರ (೧೯೧೩–೨೦೦೯) ಎಳೆಯ ಕಾಲದ ದನಿಯು ತೆಳುವಾದುದು, ಎತ್ತರದ್ದು. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಂಡುದನಿಯಂತೆ ಗಂಭೀರವಾಯಿತು. ಅವರು ಕಳೆದುಹೋದ ಎತ್ತರವನ್ನು ಬೆನ್ನಟ್ಟಲಿಲ್ಲ. ಇಳಿದ ಷಡ್ಜದಲ್ಲಿಯೇ ಮನೆ ಮಾಡಿ ಅಲ್ಲಿಂದಲೇ ದೇಶವನ್ನು ಗೆದ್ದರು. ಷಡ್ಜವು ಕಂಠದ್ದು, ವಾದ್ಯದ್ದಲ್ಲ. ಮನೆಗಳಲ್ಲಿ ಹಾಡು ಕಲಿಯುವ ಮಕ್ಕಳ ಮಟ್ಟಿಗೆ ಈ ಮಾತು ಇನ್ನೂ ಮುಖ್ಯವು. ಮುದ್ರಿತ ಹಾಡನ್ನು ಅನುಸರಿಸಿ ಕೊನೆಯಲ್ಲಿ ಶ್ರುತಿಯನ್ನೇರಿಸಲು ಹವಣಿಸುವ ಕೂಸಿನ ದನಿಯು ತಾರಷಡ್ಜದಲ್ಲಿ ಬಿಗಿಯುವದು. ಬಿಗಿದ ದನಿಯಲ್ಲಿ ಮೊದಲು ಒಡೆಯುವವು ಕನ್ನಡದ ಅಕ್ಷರಗಳು. ಒತ್ತಕ್ಷರವು ಸಡಿಲಾಗುವದು, ಹ್ರಸ್ವವು ದೀರ್ಘವಾಗುವದು, ಕವಿಯ ಮಾತು ಕೂಗಾಗುವದು.

ಆದುದರಿಂದ ಕೊನೆಯ ಪಲ್ಲವಿಯನ್ನು ಎತ್ತುವ ಮುನ್ನ ಎರಡು ಪರೀಕ್ಷೆಗಳು ಸಾಕು. ಶ್ರುತಿಯನ್ನು ಏರಿಸದೆ ಹಾಡಿದರೆ ಕವಿತೆಯ ಯಾವ ಅರ್ಥವು ನಷ್ಟವಾಗುವದೆಂದು ಕೇಳಿಕೊಳ್ಳಬೇಕು. ಏರಿಸಿ ಹಾಡಿದಾಗ ಪ್ರತಿ ಅಕ್ಷರವೂ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಸ್ಪಷ್ಟವಾಗಿ ಮುಟ್ಟುವದೋ ಎಂದು ನೋಡಬೇಕು. ಮೊದಲನೆಯದಕ್ಕೆ ಉತ್ತರ ದೊರೆಯದಿದ್ದರೆ, ಇಲ್ಲವೆ ಎರಡನೆಯದರಲ್ಲಿ ಹಾಡು ಸೋತರೆ, ಷಡ್ಜವನ್ನು ಇದ್ದಲ್ಲಿಯೇ ಇರಗೊಡುವದು ಲೇಸು.