ಮೇಣದ ಕಾಲು, ಮೇಣದ ಮನೆ

ಮುಂಬಯಿಯ ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಗುಡ್ಡದ ಮೇಲೆ ಹರಕೆಯ ಅಂಗಡಿಗಳಿವೆ. ಮಂಡಿನೋವಿಗೆ ಮೇಣದ ಕಾಲು, ಮಕ್ಕಳಿಲ್ಲದವರಿಗೆ ಮೇಣದ ಕೂಸು, ಬಾಡಿಗೆ ಕಟ್ಟಿ ಸಾಕಾದವರಿಗೆ ಮೇಣದ ಮನೆ. ಸೆಪ್ಟೆಂಬರ್ ಜಾತ್ರೆಯಲ್ಲಿ ಇವನ್ನು ಕೊಳ್ಳುವವರು ಕ್ರೈಸ್ತರಷ್ಟೇ ಅಲ್ಲ. ಮಾಹಿಮ್‌ನ ಸೇಂಟ್ ಮೈಕೆಲ್ ಚರ್ಚಿನಲ್ಲೂ ಹೀಗೆಯೇ. 1948ರಲ್ಲಿ ಶುರುವಾದ ಬುಧವಾರದ ನೊವೆನಾ ಪ್ರಾರ್ಥನೆಗೆ ಎಲ್ಲ ಮತದವರೂ ಬರುತ್ತಾರೆ. ಒಂಬತ್ತು ವಾರ ನಡೆದುಕೊಂಡರೆ ಕೇಳಿದ್ದು ಕೈಗೂಡುತ್ತದೆಂಬ ನಂಬಿಕೆ.

ಸ್ವೀಡನ್ನಿನ ಲೂಥರನ್ ಪಂಡಿತ ಆಂಡರ್ಸ್ ನೀಗ್ರೆನ್ ಇದನ್ನು ಕಂಡಿದ್ದರೆ ಖಂಡಿತ ಮುಖ ಸಿಂಡರಿಸುತ್ತಿದ್ದ. ‘ಅಗಾಪೆ ಮತ್ತು ಎರೋಸ್’ ಎಂಬ ಅವನ ಗ್ರಂಥ 1930 ಮತ್ತು 1936ರಲ್ಲಿ ಎರಡು ಭಾಗಗಳಾಗಿ ಬಂತು. ದೇವರ ಪ್ರೀತಿ, ಅಂದರೆ ಅಗಾಪೆ, ಎದುರಿನವರ ಯೋಗ್ಯತೆ ನೋಡಿ ಹುಟ್ಟುವಂಥದಲ್ಲ, ತಾನಾಗಿ ಇಳಿದು ಬರುವಂಥದು. ಮನುಷ್ಯ ತನ್ನ ಒಳಿತಿಗಾಗಿ ಮೇಲಕ್ಕೆ ಕೈಚಾಚುವುದು, ಅಂದರೆ ಎರೋಸ್, ಬೇರೆಯೇ ಬಗೆಯದು ಎನ್ನುತ್ತಾನೆ. ಎರಡನ್ನೂ ಬೆರೆಸಿದನೆಂದು ಸಂತ ಅಗಸ್ಟೀನನ ಮೇಲೆ ಅವನ ತಕರಾರು.

ಮೊದಲ ಮಾತು ಗಟ್ಟಿಯಾದದ್ದು. ಎರಡನೆಯದು ನನಗೆ ಒಪ್ಪಿಗೆಯಿಲ್ಲ. ಲೂಥರನಿಂದ ಎರವಲು ತಂದು ಅವನು ಮನುಷ್ಯನನ್ನು ಕೊಳವೆಯಾಗಿಸುತ್ತಾನೆ: ಮೇಲಿಂದ ಬಂದದ್ದು ನೆರೆಯವನತ್ತ ಹರಿದು ಹೋಗಬೇಕು, ಅಷ್ಟೆ. ಕೊಳವೆಗೇನು, ಮಂಡಿನೋವೇ, ಮನೆ ಬಾಡಿಗೆಯೇ? ಯೆರಿಕೋವಿನ ಕುರುಡ ದಾರಿಬದಿಯಲ್ಲಿ ಕೂಗಿಕೊಂಡಾಗ ಯೇಸು ಅವನನ್ನು ಸ್ವಾರ್ಥಿಯೆಂದು ಗದರಲಿಲ್ಲ. ಏನು ಬೇಕೆಂದು ಕೇಳಿದ. ಕಣ್ಣು ಬೇಕೆಂದವನಿಗೆ ಕಣ್ಣು ಸಿಕ್ಕಿತು.

ಹಾಗೆಂದು ಹರಕೆಯನ್ನು ಪೂರ್ತಿ ವಹಿಸಿಕೊಳ್ಳಲಾರೆ. ಒಂದು ಬುಧವಾರ ತಪ್ಪಿತೆಂದು ದಿಗಿಲು ಹುಟ್ಟಿದರೆ ದೇವರು ಕಂತು ಎಣಿಸುವ ಸಾಹುಕಾರನಾಗುತ್ತಾನೆ. ಬೇಡುವುದರಲ್ಲಿ ತಪ್ಪಿಲ್ಲ, ಕೊಟ್ಟದ್ದಕ್ಕೆ ಸರಿಸಮ ತೂಗಿ ಚುಕ್ತಾ ಮಾಡಿದೆನೆಂಬ ನಿರಾಳದಲ್ಲಿದೆ. ಆ ನಿರಾಳದಲ್ಲಿ ಪಕ್ಕದವನ ನೆನಪೇ ಬರುವುದಿಲ್ಲ. ನೀಗ್ರೆನ್‌ನ ಗುಮಾನಿ ಇಲ್ಲಿ ಮಾತ್ರ ಸರಿ.

ಭಾಯಖಳಾದಲ್ಲಿ ‘ಆಶಾ ದಾನ್’ ಇದೆ. ಹಿಂದೂಸ್ತಾನ್ ಲಿವರ್ ಕಂಪನಿ ಬಿಟ್ಟುಕೊಟ್ಟ ಜಾಗದಲ್ಲಿ ಮದರ್ ತೆರೇಸಾರ ಸೋದರಿಯರು 1976ರಿಂದ ನಡೆಸುತ್ತಿರುವ ಆಶ್ರಯಧಾಮ. ಅಲ್ಲಿರುವವರು ಯಾರೋ ಬಿಟ್ಟುಹೋದ ಮಕ್ಕಳು, ದಿಕ್ಕಿಲ್ಲದವರು, ಎಚ್‌ಐವಿ ಸೋಂಕಿತರು. ಪ್ರತಿಫಲ ಕೊಡಬಲ್ಲವರು ಯಾರೂ ಇಲ್ಲ. ನೀಗ್ರೆನ್ ಹೇಳುವ ಪ್ರೀತಿಗೆ ಮುಂಬಯಿಯಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಹುಡುಕುವುದು ಕಷ್ಟ. ಆದರೆ ಆ ಸೋದರಿಯರೂ ಬಕೆಟ್ಟು, ಬಟ್ಟೆ ಮುಟ್ಟುವ ಮೊದಲು ಬೆಳಗಿನ ಹೊತ್ತು ಮೊಣಕಾಲೂರಿ ಕೂರುತ್ತಾರೆ, ಬೇಡುತ್ತಾರೆ. ಇದನ್ನು ಯಾವ ಪ್ರೀತಿಯ ಖಾತೆಗೆ ಹಾಕಬೇಕೆಂಬುದಕ್ಕೆ ಅವನ ದಪ್ಪ ಗ್ರಂಥದಲ್ಲಿ ನನಗೆ ಒಪ್ಪುವ ಉತ್ತರವಿಲ್ಲ.