ಮೊದಲ ಪುಸ್ತಕ ತೋಟಕ್ಕೆ ಕಳಿಸಬೇಕು

ಕಳೆದ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಅಡಕೆ ಸುಲಿತ. ಅಂಗಳದಲ್ಲಿ ಎಂಟು ಹತ್ತು ಮೆಟ್ಟುಗತ್ತಿ ಸಾಲಾಗಿ ಕೂತಿದ್ದವು. ಬಸರೀಕಟ್ಟೆ ಕಡೆಯ ಮನೆಗಳಲ್ಲಿ ಹಿಂದೆ ಈ ಹೊತ್ತಿಗೆ ಭದ್ರಾವತಿ ಆಕಾಶವಾಣಿಯೇ ಜೊತೆ. ರೇಡಿಯೋದ ಮುಳ್ಳು 675ರ ಹತ್ತಿರ ನಿಂತರೆ ನಿಂತಿತು, ಅಲ್ಲಿಂದ ಏನು ಬರುತ್ತದೋ ಅದನ್ನೇ ಎಲ್ಲರೂ ಕೇಳಬೇಕು. ಈಗ ಸುಲಿಯುವವರ ಪಕ್ಕದಲ್ಲಿ ಮೊಬೈಲು, ಅದರಲ್ಲಿ ತಾಳಮದ್ದಳೆ. ನಡುವೆ ತಮ್ಮನ ಮಗಳು ಕೇಳಿದಳು: "ದೊಡ್ಡಪ್ಪ, ನಂಗೆ ಶಾಸ್ತ್ರೀಯ ಸಂಗೀತ ಕೇಳಿ ಅರ್ಥ ಮಾಡ್ಕೊಳ್ಬೇಕು ಅಂತ ಆಸೆ. ಫೋನಲ್ಲಿ ಹುಡುಕಿದ್ರೆ ಸಾವಿರ ಬರ್ತದೆ. ಯಾವ್ದು ಮೊದ್ಲು ಕೇಳ್ಲಿ? ಓದೋಕೆ ಪುಸ್ತಕ ಇದ್ಯಾ?"

ಆ ರಾತ್ರಿ ಕೈಯಲ್ಲಿ ಅಡಕೆ ಇತ್ತು, ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ವಾರದ ಅಂಕಣ ಅವಳಿಗೆ, ಅವಳ ಹಾಗೆ ಹೊಸದೊಂದರ ಬಾಗಿಲಲ್ಲಿ ನಿಂತವರಿಗೆ.

ನನ್ನ ಕಾಲದ ಕಷ್ಟ ಬೇರೆ. ಪುಸ್ತಕ ಬೇಕೆಂದರೆ ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಾಯಬೇಕಿತ್ತು. ಇಪ್ಪತ್ತರ ಪ್ರಾಯದಲ್ಲಿ ಸಂಗೀತದ ಹುಚ್ಚು ಹತ್ತಿದಾಗ ಹಾಗೆ ತರಿಸಿಕೊಂಡದ್ದು ದಪ್ಪನೆಯ ಶಾಸ್ತ್ರಗ್ರಂಥ. ತೆರೆದರೆ 72 ಮೇಳಕರ್ತ ರಾಗಗಳ ಕೋಷ್ಟಕ. ಆರಿದ್ರೆ ಮಳೆಯಿಂದ ಮಘೆ ಮಳೆಯವರೆಗೆ ಜಗಲಿಯಲ್ಲಿ ಕೂತು ಕನಕಾಂಗಿಯಿಂದ ರಸಿಕಪ್ರಿಯದವರೆಗೆ ಬಾಯಿಪಾಠ ಮಾಡಿದೆ. ಎಪ್ಪತ್ತೆರಡು ಹೆಸರೂ ಬಂದವು. ಆದರೆ ರೇಡಿಯೋದಲ್ಲಿ ಯಾರಾದರೂ ಹಾಡಿದರೆ ಒಂದನ್ನೂ ಗುರುತಿಸಲಾಗಲಿಲ್ಲ. ಊರಿನ ಎಲ್ಲರ ಹೆಸರು ಗೊತ್ತು, ಒಬ್ಬರ ಮುಖವೂ ಗೊತ್ತಿಲ್ಲ ಎಂಬ ಸ್ಥಿತಿ. ಸಂಗೀತ ನನಗೆ ಹತ್ತುವುದಿಲ್ಲ ಎಂದು ತೀರ್ಮಾನಿಸಿ ಹತ್ತು ವರ್ಷ ಬಿಟ್ಟುಬಿಟ್ಟೆ. ಆ ಹತ್ತು ವರ್ಷ ಹೋದದ್ದಕ್ಕೆ ಇಂದಿಗೂ ಬೇಸರವಿದೆ. ಪುಸ್ತಕ ಕೆಟ್ಟದ್ದಾಗಿರಲಿಲ್ಲ. ಐದನೆಯದಾಗಿ ಓದಬೇಕಾದದ್ದನ್ನು ಮೊದಲು ಓದಿದ್ದೆ.

ನನ್ನನ್ನು ಮರಳಿ ಕರೆತಂದದ್ದು ಮೈಸೂರು ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು'. ಅದರಲ್ಲಿ ಕೋಷ್ಟಕವಿಲ್ಲ, ಮನುಷ್ಯರಿದ್ದಾರೆ. ಅರಮನೆಯ ದೊಡ್ಡ ವಿದ್ವಾಂಸರನ್ನು ಕಣ್ಣಾರೆ ಕಂಡ, ತಾವೇ ವಾಗ್ಗೇಯಕಾರರಾಗಿದ್ದ ಹಿರಿಯರು ಅವರ ಗುಣ, ಸಿಟ್ಟು, ಔದಾರ್ಯ, ಹಾಡಿಕೆ ಎಲ್ಲವನ್ನೂ ಮನೆಯ ಮಾತಿನಲ್ಲಿ ಹೇಳುತ್ತಾರೆ. ಓದುತ್ತಾ ಹೋದ ಹಾಗೆ ಇವರು ಹಾಡಿದ ರಾಗ ಹೇಗಿರುತ್ತದೆ, ಈಗಲೇ ಕೇಳಬೇಕು ಎನ್ನಿಸಿತು. ಎದ್ದು ಹೋಗಿ ರೇಡಿಯೋ ಹಾಕಿದೆ. ಮೊದಲ ಪುಸ್ತಕಕ್ಕೆ ನಾನು ಇಡುವ ಪರೀಕ್ಷೆ ಅಂದಿನಿಂದ ಇದೊಂದೇ: ಹತ್ತು ಪುಟ ಓದುವಷ್ಟರಲ್ಲಿ ಅದು ನಮ್ಮನ್ನು ಎಬ್ಬಿಸಬೇಕು. ಹಕ್ಕಿಯ ಪುಸ್ತಕವಾದರೆ ತೋಟಕ್ಕೆ, ಚುಕ್ಕಿಯ ಪುಸ್ತಕವಾದರೆ ಅಂಗಳಕ್ಕೆ, ಸಂಗೀತದ ಪುಸ್ತಕವಾದರೆ ಹಾಡಿನ ಬಳಿಗೆ ಕಳಿಸಬೇಕು.

ಹಿಂದೂಸ್ತಾನಿ ಕಡೆಗೆ ಮನಸ್ಸಿದ್ದರೆ ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ 'ನನ್ನ ರಸಯಾತ್ರೆ' ಇದೇ ಕೆಲಸ ಮಾಡುತ್ತದೆ. ತೆಳ್ಳಗಿನ ಪುಸ್ತಕ. ಅದನ್ನು ಓದಿ ಉತ್ಸಾಹದಿಂದ ಅವರ ಖಯಾಲ್ ಹಾಕಿಕೊಂಡವರು ಮಾತ್ರ ಗಾಬರಿಯಾಗಬಹುದು. ಜೈಪುರ-ಅತ್ರೌಲಿ ಘರಾಣೆಯ ಆ ಅಪರೂಪದ ರಾಗಗಳು, ಎರಡು ರಾಗ ಹೆಣೆದ ಜೋಡರಾಗಗಳು ಹೊಸ ಕಿವಿಗೆ ಕಡಿದಾದ ಗುಡ್ಡ. ಅವರೇ ಹಾಡಿದ ವಚನಗಳಿಂದ ಶುರುಮಾಡಿ. ಭೀಮಸೇನ ಜೋಶಿಯವರ ದಾಸವಾಣಿಯಿಂದಲೂ ಆದೀತು. ಅಲ್ಲಿ ಮಾತು ನಮ್ಮದು, ಅಜ್ಜಿಯ ಬಾಯಲ್ಲಿ ಕೇಳಿದ್ದು. ರಾಗ ಮಾತ್ರ ಹೊಸದು. ಗೊತ್ತಿದ್ದ ಮಾತಿನ ಕೈ ಹಿಡಿದುಕೊಂಡು ಗೊತ್ತಿಲ್ಲದ ರಾಗದೊಳಗೆ ಹೋಗಬಹುದು. ಕನ್ನಡದವರಿಗೆ ಸಿಕ್ಕ ಈ ಭಾಗ್ಯ ಎಲ್ಲ ಭಾಷೆಯವರಿಗೂ ಸಿಕ್ಕಿಲ್ಲ.

ಭಾವಗೀತೆಯೂ ಬಾಗಿಲೇ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಬಂತು. ನಮ್ಮ ತಲೆಮಾರಿನ ಎಷ್ಟೋ ಜನ ಹೊಸ ಕವಿತೆಯ ಹತ್ತಿರ ಬಂದದ್ದು ಪುಸ್ತಕದಿಂದಲ್ಲ, ಆ ಹಾಡುಗಳಿಂದ. ಅದನ್ನು ಕೀಳೆಂದು ಹೇಳುವ ವಿದ್ವಾಂಸರ ಮಾತಿಗೆ ನಾನು ಒಪ್ಪುವುದಿಲ್ಲ.

ಹೊಸಬರನ್ನು ಒಳಗೆ ಕರೆಯುವ ವಿದ್ಯೆಯನ್ನು ಪುರಂದರದಾಸರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಪಕ್ಕದ ತೀರ್ಥಹಳ್ಳಿ ಸೀಮೆಯ ಆರಗದವರೆಂಬ ವಾದ ಇದೆ, ನಮ್ಮ ಕಡೆಯವರು ಅದನ್ನು ಪ್ರೀತಿಯಿಂದ ಹೇಳುತ್ತಾರೆ. ಕರ್ನಾಟಕ ಸಂಗೀತದ ಪಾಠ ಇಂದಿಗೂ ಅವರು ಹಾಕಿಕೊಟ್ಟ ಕ್ರಮದಲ್ಲೇ ನಡೆಯುತ್ತದೆ ಎಂಬುದು ಸಂಪ್ರದಾಯ: ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಮೊದಲ ಪಾಠಕ್ಕೆ ಮಾಯಾಮಾಳವಗೌಳವನ್ನೇ ಏಕೆ ಹಿಡಿದರು ಎಂದು ನೋಡಿ. ಆ ರಾಗದಲ್ಲಿ ಸ, ರಿ ಹತ್ತಿರ ಹತ್ತಿರ, ರಿಯಿಂದ ಗಕ್ಕೆ ದೂರದ ಹೆಜ್ಜೆ, ಮತ್ತೆ ಗ, ಮ ಹತ್ತಿರ. ಮೇಲೆಯೂ ಹಾಗೇ: ಪ, ದ ಹತ್ತಿರ, ದದಿಂದ ನಿಗೆ ದೂರ, ನಿ, ಸ ಹತ್ತಿರ. ಕೆಳಗಿನ ಅರ್ಧ ಕಲಿತ ಮಗುವಿಗೆ ಮೇಲಿನ ಅರ್ಧ ತಾನಾಗಿ ಬರುತ್ತದೆ. ಆಮೇಲಿನ ಪಿಳ್ಳಾರಿ ಗೀತೆಗಳು ಮಲಹರಿಯಲ್ಲಿ. ಅದು ಇದೇ ಮಾಯಾಮಾಳವಗೌಳದ ಕೂಸು. ಏರುವಾಗ ಐದೇ ಸ್ವರ, ಇಳಿಯುವಾಗ ಆರು. ಭಾರ ಇಳಿಸಿ ಮೊದಲ ಹಾಡು ಕೈಗೆ ಕೊಟ್ಟಿದ್ದಾರೆ. ಕಲಿಯುವವನ ಮೇಲೆ ಕರುಣೆ ಇದ್ದವರಿಗೆ ಮಾತ್ರ ಇಂಥ ಕ್ರಮ ಹೊಳೆಯುತ್ತದೆ.

ಹಾಡು ಕಲಿಯದೆ ಬರೀ ಕೇಳುವವರಿಗೆ ನನ್ನ ಸಲಹೆ ಒಂದೇ ರಾಗ, ಒಂದು ತಿಂಗಳು. ಮೋಹನ ಹಿಡಿಯಿರಿ. ಐದೇ ಸ್ವರ, ಹಿಂದೂಸ್ತಾನಿಯವರು ಇದೇ ಸ್ವರಗಳಲ್ಲಿ ಭೂಪ್ ಹಾಡುತ್ತಾರೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಒಬ್ಬರ ಮೋಹನ, ಸಂಜೆ ಇನ್ನೊಬ್ಬರ ಭೂಪ್, ಮರುದಿನ ಕೊಳಲಿನಲ್ಲಿ ಅದೇ. ತಿಂಗಳು ತುಂಬುವುದರೊಳಗೆ ಎಲ್ಲೋ ದೇವಸ್ಥಾನದ ಮೈಕಿನಲ್ಲೋ ಸಿನಿಮಾ ಹಾಡಿನಲ್ಲೋ ಅದು ತಟ್ಟನೆ ಗುರುತು ಸಿಗುತ್ತದೆ. ಆ ಕ್ಷಣದ ಸಂತೋಷವನ್ನು ಯಾವ ಶಾಸ್ತ್ರಗ್ರಂಥವೂ ಕೊಡಲಾರದು. ಎಪ್ಪತ್ತೆರಡರ ಕೋಷ್ಟಕ ಆಮೇಲೆ ತಾನಾಗಿ ಬೇಕೆನಿಸುತ್ತದೆ.

ಕಾಡು, ಗಿಡ, ಹಕ್ಕಿಯ ಆಸೆ ಹುಟ್ಟಿದವರಿಗೆ ಮಲೆನಾಡಿನಲ್ಲಿ ಪುಸ್ತಕದ ಬರವಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಕೈಗೆತ್ತಿಕೊಳ್ಳಿ, 'ಕರ್ವಾಲೋ' ಅದರ ಹಿಂದೆಯೇ ಬರುತ್ತದೆ. 1980ರಲ್ಲಿ ಬಂದ ಆ ಕಾದಂಬರಿ ಓದಿದ ಮೇಲೆ ನಮ್ಮ ತೋಟದ ಹಾರುವ ಓತಿಯನ್ನು ನಾನು ಮೊದಲ ಬಾರಿ ನೋಡಿದೆ. ಅದು ಅಲ್ಲೇ ಇತ್ತು, ಅಡಕೆ ಮರದ ಬೊಡ್ಡೆಗೆ ಅಂಟಿಕೊಂಡು, ಗಂಟಲ ಕೆಳಗಿನ ಹಳದಿ ಚೀಲ ಬಿಚ್ಚಿ ಮುಚ್ಚಿ ಮಾಡುತ್ತಾ. ಮೂವತ್ತು ವರ್ಷ ಅದರ ಕೆಳಗೆ ಓಡಾಡಿದ್ದೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇನ್ನೊಂದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟ ಸುತ್ತಿದ ಸಸ್ಯಶಾಸ್ತ್ರಜ್ಞನ ಪ್ರವಾಸಕಥನ, ಚಿತ್ರಗಳೂ ಅವರವೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಸಸ್ಯಶಾಸ್ತ್ರದ ಪುಸ್ತಕಕ್ಕೆ ಎಂಬುದು ಕನ್ನಡಕ್ಕೆ ಹೆಮ್ಮೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಿಲ್ಲ. ನಿಮ್ಮ ಬೇಲಿಯಲ್ಲಿರುವ ಗಿಡ ಯಾವ ಪುಟದಲ್ಲಿದೆ ಎಂದು ಹುಡುಕಿ, ಅಲ್ಲಿಂದ ಹೊರಡಿ. ಹಕ್ಕಿಗೂ ಇದೇ ಮಾತು. ಕಾಜಾಣ, ಪಿಕಳಾರ, ಕುಟ್ರ, ಮಡಿವಾಳ, ಮಂಗಟ್ಟೆ. ಈ ಐದನ್ನು ಕೂಗಿನಿಂದ ಗುರುತಿಸಲು ಬಂದ ಮೇಲೆ ಚಿತ್ರದ ಪುಸ್ತಕ ಕೊಳ್ಳಿ. ಇನ್ನೂರು ಹಕ್ಕಿಯ ಚಿತ್ರ ಒಟ್ಟಿಗೆ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ.

ಆಕಾಶದ ವಿಷಯದಲ್ಲಿ ರೈತರಿಗೆ ಅರ್ಧ ಪಾಠ ಮೊದಲೇ ಆಗಿದೆ, ಅದು ನಮಗೆ ಗೊತ್ತಿಲ್ಲ ಅಷ್ಟೇ. ರೋಹಿಣಿ, ಮೃಗಶಿರೆ, ಆರಿದ್ರೆ ಎಂದು ಮಳೆಯ ಹೆಸರು ಹೇಳುತ್ತೇವಲ್ಲ, ಅವೆಲ್ಲ ನಕ್ಷತ್ರಗಳು. ಸೂರ್ಯ ಆ ನಕ್ಷತ್ರದ ಕಡೆ ಇರುವ ಹದಿಮೂರು ಹದಿನಾಲ್ಕು ದಿನದ ಮಳೆಗೆ ಆ ಹೆಸರು. ಮೇ ಕೊನೆಗೆ ರೋಹಿಣಿ ಮಳೆ ಹುಟ್ಟುವಾಗ ರೋಹಿಣಿ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ, ಮೋಡವಿಲ್ಲದಿದ್ದರೂ ಕಾಣದು. ಅದು ರಾತ್ರಿಯ ಆಕಾಶದ ನಡುವಿಗೆ ಬರುವುದು ಆರು ತಿಂಗಳು ಕಳೆದು, ಸರಿಯಾಗಿ ನಮ್ಮ ಸುಲಿತದ ಕಾಲಕ್ಕೆ. ಡಿಸೆಂಬರ್ ನಡುವಿನಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಹೆಚ್ಚುಕಡಿಮೆ ನೆತ್ತಿಯ ಮೇಲೆ ಕೆಂಪಗೆ ಹೊಳೆಯುತ್ತದೆ. ಅದರ ಪೂರ್ವಕ್ಕೆ ಮಹಾವ್ಯಾಧ, ಅವನ ಭುಜದ ಕೆಂಪು ಚುಕ್ಕಿಯೇ ಆರಿದ್ರೆ. ಅಡಕೆ ಒಣಗಿಸುವ ಅಟ್ಟ ಹತ್ತಿ ಮಲಗಿದರೆ ತೋಟದ ಮರ ಅಡ್ಡ ಬರುವುದಿಲ್ಲ. ಇಷ್ಟು ಕಂಡ ಮೇಲೆ ಜಿ.ಟಿ. ನಾರಾಯಣರಾಯರ ಖಗೋಳದ ಪುಸ್ತಕಗಳನ್ನು ಹಿಡಿದರೆ ಅವು ಕತೆಯ ಹಾಗೆ ಓದಿಸಿಕೊಳ್ಳುತ್ತವೆ.

ಯಕ್ಷಗಾನದ ಬಗ್ಗೆ ನನಗೊಂದು ತಕರಾರಿದೆ. ಇಡೀ ರಾತ್ರಿಯ ಆಟದಲ್ಲಿ ಪ್ರಸಂಗ ಶುರುವಾಗುವ ಮೊದಲು ಪೂರ್ವರಂಗವಿರುತ್ತಿತ್ತು. ಸಭಾಲಕ್ಷಣದ ಹಾಡಿಗೆ ಕೋಡಂಗಿ ಕುಣಿದು, ಬಾಲಗೋಪಾಲರು ಕುಣಿದು, ಸ್ತ್ರೀವೇಷ ಬಂದು ಹೋಗುತ್ತಿತ್ತು. ಕುಣಿಯುತ್ತಿದ್ದವರು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಅವರು ಅಲ್ಲಿ ಹೆಜ್ಜೆ ಕಲಿಯುತ್ತಿದ್ದರು, ಎದುರು ಕೂತ ಮಕ್ಕಳು ತಾಳ ಕಲಿಯುತ್ತಿದ್ದರು. ಕುಣಿಯುವವನಿಗೂ ನೋಡುವವನಿಗೂ ಅದೇ ಮೊದಲ ಪಾಠ. ಈಗಿನ ಕಾಲಮಿತಿಯ ಆಟಗಳಲ್ಲಿ ಸಮಯ ಸಾಲದೆಂದು ಮೊದಲು ಕತ್ತರಿಸುವುದು ಇದನ್ನೇ. ಹೊಸಬರು ನೇರ ಪ್ರಸಂಗಕ್ಕೆ ಬಂದು ಕೂತು, ಏನೂ ತಿಳಿಯದೆ ಎದ್ದು ಹೋಗುತ್ತಾರೆ. ನೋಡಲು ಕಲಿಯಬೇಕೆನ್ನುವವರು ಆಟಕ್ಕೆ ಎರಡು ಗಂಟೆ ಮುಂಚೆ ಹೋಗಿ ಚೌಕಿಯ ಬಳಿ ನಿಲ್ಲಿ, ಕೇದಗೆ ಮುಂದಲೆ ಕಟ್ಟುವುದನ್ನು ನೋಡಿ. ಮಳೆಗಾಲದಲ್ಲಿ ಮೇಳ ಗೆಜ್ಜೆ ಬಿಚ್ಚಿದ ಮೇಲೆ ತಾಳಮದ್ದಳೆ ಕೇಳಿ. ಕಾರಂತರ 'ಯಕ್ಷಗಾನ ಬಯಲಾಟ' ದೊಡ್ಡ ಪುಸ್ತಕ, 1959ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಹತ್ತು ಆಟ ನೋಡಿದವರಿಗೆ ಅದು ನಿಧಿ, ಒಂದೂ ನೋಡದವರಿಗೆ ಭಾರ.

ನೂರು ಶ್ರೇಷ್ಠ ಪುಸ್ತಕ, ಕೇಳಲೇಬೇಕಾದ ನೂರು ಹಾಡು ಎಂಬ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಶ್ರೇಷ್ಠವಾದದ್ದು ಮೊದಲಿಗೆ ಒದಗಬೇಕೆಂದಿಲ್ಲ. ಸಂಪುಟಗಳ ಸೆಟ್ಟನ್ನು ಒಟ್ಟಿಗೆ ಕೊಳ್ಳುವುದೂ ಬೇಡ, ಕಪಾಟು ತುಂಬಿದ ಮೇಲೆ ಆಸೆ ತೀರಿದ ಹಾಗೆ ಅನ್ನಿಸಿಬಿಡುತ್ತದೆ. ಸಣ್ಣ ಪುಸ್ತಕ ಸಾಕು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಪ್ರಚಾರ ಪುಸ್ತಕಮಾಲೆಯಲ್ಲಿ ಮಾಡಿದ್ದು ಅದನ್ನೇ: ಪಂಡಿತರು ಊರೂರಿಗೆ ಹೋಗಿ ಭಾಷಣ ಮಾಡಿದರು, ಅವು ಜೇಬಿಗೆ ಹಿಡಿಯುವ ಹೊತ್ತಗೆಗಳಾಗಿ ಬಂದವು. ಆಮೇಲೆ ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು ಶಾಲೆಗಳಿಗೆಲ್ಲ ಹೋದವು. ಹಳೇ ಪುಸ್ತಕದಂಗಡಿಯಲ್ಲಿ ಈ ಮಾಲೆಗಳ ಪ್ರತಿ ಕಂಡರೆ ನಾನು ಬಿಡುವುದಿಲ್ಲ.

ನಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು. ಅಲ್ಲಿಗೆ ಹೋಗುವ ಮಕ್ಕಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಎದ್ದು ಕಾಣುತ್ತದೆ, 'ಪರಿಸರದ ಕತೆ' ಹುಡುಕಬೇಕಾಗುತ್ತದೆ. ಹಾಗಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮನ್ನು ಯಾವುದೋ ಒಂದು ಹೊಸ ಆಸಕ್ತಿಗೆ ಹಚ್ಚಿದ ಪುಸ್ತಕ ಮನೆಯಲ್ಲಿದ್ದರೆ, ಅದರ ಇನ್ನೊಂದು ಪ್ರತಿ ಕೊಂಡು ನಿಮ್ಮ ಊರಿನ ಗ್ರಂಥಾಲಯಕ್ಕೆ ಕೊಡಿ. ಒಳಗೆ ಒಂದು ಚೀಟಿ ಇಡಿ, ಯಾವ ಪುಟದಿಂದ ಓದಲು ಶುರುಮಾಡಬೇಕು, ಓದಿ ಎಲ್ಲಿಗೆ ಹೋಗಿ ಏನು ನೋಡಬೇಕು ಎಂದು ಬರೆದು. ಬಸರೀಕಟ್ಟೆಗೆ 'ನಾ ಕಂಡ ಕಲಾವಿದರು' ನಾನು ಕೊಡುತ್ತೇನೆ.