ಮಿರಗದಾಗ ಕೊರಮೀನಿನ ತಂಟೆಗೆ ಹೋಗಬೇಡಿ

ಗಾಳ ಹಿಡಿದವರಿಗೆಲ್ಲ ಕಣ್ಣು ಹೊಳೆಯ ಮೇಲೆ. ತುಂಗಭದ್ರೆಯ ಮಡುವಿನಲ್ಲಿ ಬಾಳೆಮೀನು ಎಳೆದದ್ದು, ಕೃಷ್ಣೆಯ ಬಂಡೆಗಳ ನಡುವೆ ದಾರ ಹರಿದದ್ದು, ಕೂತಲ್ಲಿ ನಿಂತಲ್ಲಿ ಇವೇ ಮಾತು. ರಾಯಚೂರು ಸೀಮೆಯ ಪಾಮನಕಲ್ಲೂರಿನಂಥ ಊರಿಗೆ ಎರಡು ಹೊಳೆಯೂ ದೂರ. ದಕ್ಷಿಣಕ್ಕೆ ತುಂಗಭದ್ರೆ, ಉತ್ತರಕ್ಕೆ ಕೃಷ್ಣೆ, ನಡುವೆ ಮಳೆ ನಂಬಿದ ಹೊಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರ ಕೊನೆಯಿಂದ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಈ ಊರಲ್ಲೇ. 2021ರ ಮಸ್ಕಿ ಉಪಚುನಾವಣೆಯಲ್ಲೂ ಅದರದೇ ಸದ್ದು. ನೀರಿಗೆ ಧರಣಿ ಕೂರುವ ಸೀಮೆಯಲ್ಲಿ ಎಂಥ ಮೀನು ಎಂದು ಹುಬ್ಬೇರಿಸಬೇಡಿ. ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಬತ್ತುವ ಹಳ್ಳ, ಕೆರೆ, ಕುಂಟೆಗಳಿಗೆಂದೇ ಹೇಳಿ ಮಾಡಿಸಿದ ಮೀನೊಂದಿದೆ. ನನ್ನನ್ನು ಕೇಳಿದರೆ ಗಾಳಕ್ಕೂ ತಟ್ಟೆಗೂ ಅದರ ಸಮ ಇನ್ನೊಂದಿಲ್ಲ. ಅದು ಕೊರಮೀನು.

ಹಳೇ ಮೈಸೂರಿನವರು ಇದನ್ನು ಕುಚ್ಚುಮೀನು ಎನ್ನುತ್ತಾರೆ. ಸಿಂಧನೂರಿನ ಸುತ್ತಲಿನ ಕ್ಯಾಂಪುಗಳ ತೆಲುಗರಿಗೆ ಕೊರ್ರಮೀನು, ಪುನರ್ವಸತಿ ಕ್ಯಾಂಪುಗಳ ಬಂಗಾಳಿಗಳಿಗೆ ಶೋಲ್. ಚೌಕಾಸಿಯಲ್ಲಿ ಮಾತ್ರ ಎಲ್ಲರೂ ಒಂದೇ. 1793ರಲ್ಲಿ ಜರ್ಮನಿಯ ಬ್ಲಾಖ್ ಇದನ್ನು ಶಾಸ್ತ್ರಕ್ಕೆ ಸೇರಿಸಿದ. ಈಗಿನ ಶಾಸ್ತ್ರೀಯ ಹೆಸರು ಚನ್ನಾ ಸ್ಟ್ರಯೇಟಾ. ಉದ್ದನೆಯ ದುಂಡು ಮೈ, ಚಪ್ಪಟೆ ತಲೆ, ತಲೆಯ ಮೇಲೆ ಹಾವಿಗಿದ್ದಂಥ ದೊಡ್ಡ ಹುರುಪೆ, ಬಾಯಿ ತುಂಬ ಹಲ್ಲು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಪಕ್ಕೆಯಲ್ಲಿ ಓರೆ ಪಟ್ಟೆಗಳು. ಇದರ ಅಣ್ಣ ಹೂವಿನ ಮುರ್ಲು ಹೊಳೆಯ ಆಳದ ಮಡುಗಳ ದೊರೆ, ಮೈಯಲ್ಲೂ ದೊಡ್ಡದು, ಬಾಲದ ಬುಡದಲ್ಲಿ ಕಣ್ಣಿನಂಥ ಬೊಟ್ಟು. ಹಳ್ಳದ ರಾಡಿ ನೀರಿಗೆ ಮಾತ್ರ ತಮ್ಮನೇ ಸೈ.

ಅದಕ್ಕೆ ಕಾರಣ ಉಸಿರು. ಕಿವಿರುಗಳ ಮೇಲ್ಗಡೆ, ತಲೆಬುರುಡೆಯ ಇಕ್ಕೆಲದಲ್ಲಿ ಇದಕ್ಕೊಂದು ಪೊಳ್ಳು ಕೋಣೆಯಿದೆ. ಒಳಗೋಡೆಗೆ ನೆತ್ತರು ತುಂಬಿದ ಮಡಿಕೆಮಡಿಕೆಯಾದ ತೆಳುಪೊರೆ. ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತದೆ, ಆ ಗಾಳಿ ಈ ಕೋಣೆಯಲ್ಲಿ ನಿಲ್ಲುತ್ತದೆ, ಪೊರೆ ಅದರಿಂದ ಆಮ್ಲಜನಕ ಹೀರಿಕೊಳ್ಳುತ್ತದೆ. ಬರೀ ಕಿವಿರಿನಿಂದ ಇದರ ಬದುಕು ಸಾಗದು. ನೀರೊಳಗೆ ಬಲೆಯಲ್ಲಿ ಸಿಕ್ಕಿ ಮೇಲೇಳಲು ಆಗದಿದ್ದರೆ ಮೀನಾಗಿಯೂ ಮುಳುಗಿ ಸಾಯುತ್ತದೆ! ಅದೇ ಮೀನು ಸಂತೆಯ ಬುಟ್ಟಿಯಲ್ಲಿ, ಒದ್ದೆ ಗೋಣಿಯ ಕೆಳಗೆ, ಗಂಟೆಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಕಟ್ಲಾ, ರೋಹು ಐಸಿನ ಮೇಲೆ ಮಲಗಿರುವಾಗ ಕೊರಮೀನು ಬೋಗುಣಿಯಲ್ಲಿ ಹೊರಳಾಡುತ್ತಿರುವುದೂ, ಅದರ ಬೆಲೆ ಏರಿಯೇ ಇರುವುದೂ ಇದರಿಂದಲೇ.

ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುವ ಹೊತ್ತಿಗೆ ಅದು ಕೆಳಗಿನ ಹಸಿ ಕೆಸರಿಗೆ ಇಳಿದಿರುತ್ತದೆ. ಮೈಮೇಲಿನ ಲೋಳೆ ಒಣಗದಿದ್ದರೆ, ಮೂಗಿನ ಮುಂದೆ ಒಂದಿಷ್ಟು ಗಾಳಿ ಸಿಕ್ಕರೆ ಸಾಕು, ಮೈಯ ಕೊಬ್ಬು ಕರಗಿಸುತ್ತ ಮಳೆಗೆ ಕಾಯುತ್ತದೆ. ಗುದ್ದಲಿ ಹಿಡಿದು ಕೆಸರು ಅಗೆದು ಹಿಡಿಯುವವರು ಉಂಟು. ಹೊಟ್ಟೆಪಾಡಿಗೆ ಮಾಡಿದರೆ ನನ್ನ ತಕರಾರಿಲ್ಲ. ಅದನ್ನು ಮೀನುಬೇಟೆ ಎಂದು ಕರೆಯುವುದಕ್ಕೆ ಮಾತ್ರ ನಾನು ಒಪ್ಪೆ.

ಮಳೆ ಬಿದ್ದು ಹಳ್ಳ ಹರಿದಾಗ ಕೊರಮೀನು ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಕುಂಟೆಯಿಂದ ಇನ್ನೊಂದಕ್ಕೆ ದಾಟುವುದೂ ಉಂಟು. ಆಮೇಲೆ ಸಂಸಾರ. ಗಂಡು ಹೆಣ್ಣು ಜೋಡಿಯಾಗಿ ದಡದ ಜೊಂಡಿನ ನಡುವೆ, ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ ಹುಲ್ಲು ಸರಿಸಿ ದುಂಡನೆಯ ಬಯಲು ಮಾಡುತ್ತವೆ. ಅಲ್ಲಿಟ್ಟ ಸಾವಿರಾರು ಹಳದಿ ಮೊಟ್ಟೆಗಳು, ಒಳಗೆ ಎಣ್ಣೆಯ ಹನಿ ಇರುವುದರಿಂದ, ಮುಳುಗದೆ ತೇಲುತ್ತವೆ. ಒಂದೆರಡು ದಿನದಲ್ಲಿ ಮರಿ. ಸ್ವಲ್ಪ ಬಲಿತ ಮೇಲೆ ಕೆಂಪು ಬಣ್ಣದ ಈ ಮರಿಗಳು ಒತ್ತೊತ್ತಾಗಿ ಗುಂಪುಗಟ್ಟಿ ತಿರುಗುತ್ತವೆ. ಅವಕ್ಕೂ ಗಾಳಿ ಬೇಕಲ್ಲ? ಗುಂಪಿಗೆ ಗುಂಪೇ ಮೇಲೆದ್ದಾಗ ನೀರಿನ ಅಷ್ಟಗಲದ ಮೇಲೆ ಮಾತ್ರ ತುಂತುರು ಮಳೆ ಬಿದ್ದಂತೆ ಕಾಣುತ್ತದೆ. ಕೆಳಗೆ ಅಪ್ಪ ಅಮ್ಮನ ಕಾವಲು. ಕಪ್ಪೆ ಬರಲಿ, ಹಾವು ಬರಲಿ, ಮನುಷ್ಯನ ಕಾಲೇ ಬರಲಿ, ಹಾಯ್ದು ಬೀಳುತ್ತವೆ.

ಗಾಳದವನಿಗೆ ಇದಕ್ಕಿಂತ ಸುಲಭದ ಬೇಟೆ ಇಲ್ಲ. ಮರಿಗಳ ಗುಂಪಿನ ಮೇಲೆ ರಬ್ಬರ್ ಕಪ್ಪೆ ಎಸೆದರೆ ಹೊಟ್ಟೆ ಹಸಿಯದಿದ್ದರೂ ತಾಯ್ತಂದೆ ಬಂದು ಕಚ್ಚುತ್ತವೆ. ಎಸೆದವನಿಗೆ ಎರಡು ಕಿಲೋ ಮೀನು, ಫೋನಿಗೊಂದು ಫೋಟೊ. ಕಾವಲು ತಪ್ಪಿದ ಮರಿಗಳನ್ನು ಕೊಕ್ಕರೆ, ನೀರುಹಾವು, ಕೊನೆಗೆ ಬೇರೆ ಕೊರಮೀನುಗಳೇ ಮುಗಿಸುತ್ತವೆ. ಎಳೆಯವು ಹಸಿದರೆ ಒಡಹುಟ್ಟಿದವರನ್ನೂ ಬಿಡುವುದಿಲ್ಲ. ಇದರ ಸಾಕಣೆ ಕಟ್ಲಾ, ರೋಹುವಿನಷ್ಟು ಸಲೀಸಾಗದಿರುವುದಕ್ಕೆ ಈ ಬುದ್ಧಿಯೂ ಒಂದು ಕಾರಣ.

ಕಷ್ಟವೆಂದರೆ, ಬೇಡಿಕೆ ಏರುವುದೂ ಈ ಹೊತ್ತಿಗೇ. ಜೂನ್ ಮೊದಲ ವಾರ ಕಳೆದು ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಹೈದರಾಬಾದಿನ ನಾಂಪಲ್ಲಿಯಲ್ಲಿ ಬತ್ತಿನಿ ಮನೆತನದವರು ಉಬ್ಬಸಕ್ಕೆಂದು ಔಷಧ ತುರುಕಿ ನುಂಗಿಸುವುದು ಜೀವಂತ ಕೊರಮೀನಿನ ಮರಿಯನ್ನೇ. ವಾಸಿಯಾಗುತ್ತದೆ ಎನ್ನಲು ವೈದ್ಯಶಾಸ್ತ್ರದ ಪುರಾವೆಯಿಲ್ಲ, ಸಾಲು ಮಾತ್ರ ಕರಗುವುದಿಲ್ಲ. ಆ ದಿನ ಮೀನು ತಿನ್ನಲೇಬೇಕೆಂಬ ರೂಢಿ ತೆಲಂಗಾಣದಲ್ಲಿ ಗಟ್ಟಿ. ಅಲ್ಲಿ ಇದು ರಾಜ್ಯದ ಮೀನೂ ಹೌದು. ರಾಯಚೂರು ಸೀಮೆ 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆ ಕಡೆಯ ರುಚಿ ನಮ್ಮ ನಾಲಿಗೆಗೂ ಹತ್ತಿದೆ.

ಮೀನಿಗೆ ಬಿಡುವು ಕೊಡುವುದು ಹೊಸ ಮಾತೇನಲ್ಲ. ಅಶೋಕನ ಹೆಸರನ್ನೇ ಹೇಳಿದ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯಲ್ಲಿ. ಅದರಲ್ಲಿ ಮೀನಿನ ಪ್ರಸ್ತಾಪವಿಲ್ಲ, ನಿಜ. ಆದರೆ ಅದೇ ಅರಸ ಉತ್ತರದಲ್ಲಿ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ, ಗೊತ್ತಾದ ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನು ಕೊಲ್ಲಕೂಡದು, ಮಾರಲೂಕೂಡದು ಎಂಬ ಕಟ್ಟಳೆಯಿದೆ. ಇನ್ನು 12ನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಮೇವು, ಗಾಳದ ಬಗೆ, ಎಲ್ಲ ಅಲ್ಲಿದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1950ರ ಆಸುಪಾಸಿನಲ್ಲಿ ಈ ಎರಡರ ಮೇಲೂ ಲೇಖನ ಬರೆದರು. ನಮ್ಮ ಗಾಳದ ಗೆಳೆಯರಲ್ಲಿ ಓದಿದವರು ಕಡಿಮೆ, ರೀಲು ಯಾವ ಕಂಪನಿಯದೆಂದು ಮಾತ್ರ ಬಾಯಿಪಾಠ.

ನನ್ನ ಮಟ್ಟಿಗೆ ಮಿರಗದಿಂದ ಗಣೇಶನ ಹಬ್ಬದ ತನಕ ಕೊರಮೀನಿಗೆ ರಜೆ. ಆಮೇಲೆಯೂ ತುಂತುರಿನಂಥ ಗುಂಪು ಕಂಡರೆ ಆ ಕುಂಟೆ ಬಿಟ್ಟು ಮುಂದೆ ನಡೆಯಿರಿ. ಒಂಟಿ ಮೀನು ಗಾಳಿ ನುಂಗಲು ಬಂದು ಹೋದ ಜಾಗ ನೋಡಿಕೊಳ್ಳಿ. ಅದರ ತಲೆಯ ಮೇಲೆ ಎಸೆದರೆ ಓಡಿಹೋಗುತ್ತದೆ, ಎರಡು ಮಾರು ಆಚೆಗೆ ಎಸೆದು ಕಪ್ಪೆಯನ್ನು ಎಲೆಗಳ ಮೇಲೆ ಹಾಯಿಸಿಕೊಂಡು ತನ್ನಿ. ಸಪ್ಪಳವಾಗುತ್ತಲೇ ಜಗ್ಗಬೇಡಿ. ಕಪ್ಪೆ ಒಳಗೆ ಹೋಗಿ ದಾರ ಬಿಗಿಯಾಗಲಿ, ಆಮೇಲೆ ಒಂದೇ ಎಳೆತ. ಅದು ನೆಟ್ಟಗೆ ಜೊಂಡಿನ ಬುಡಕ್ಕೆ ನುಗ್ಗುತ್ತದಾದ್ದರಿಂದ ದಾರ ದಪ್ಪವಿರಲಿ. ಬಿಡುವುದಾದರೆ ಒದ್ದೆ ಕೈಯಲ್ಲೇ ಹಿಡಿಯಿರಿ, ಲೋಳೆ ಉಜ್ಜಿಹೋಗಬಾರದು. ಮನೆಗೆ ಒಯ್ಯುವುದಾದರೆ ಬಕೆಟ್ಟಿನ ಮುಚ್ಚಳದ ಮೇಲೆ ಕಲ್ಲು ಹೇರಿ, ಒಯ್ದ ಮೇಲೆ ಬೂದಿ ಹಾಕಿ ತಿಕ್ಕಿ. ನಡುವಿನ ಮುಳ್ಳು ಬಿಟ್ಟರೆ ಸಣ್ಣ ಮುಳ್ಳಿನ ಕಾಟವಿಲ್ಲ. ಹುಣಸೆಹುಳಿಯ ಸಾರಿಗೆ ಜೋಳದ ರೊಟ್ಟಿ ಸಾಕು.